ಕಂಕಣ ಕಟ್ಟಿದ ಕೈ

"ಒಂದು ಹೆಜ್ಜೆ ಹೊರಗೆ ಬನ್ನಿ ಜ್ಞಾನೇಶ್. ಆ ಕಲ್ಲಿನ ಆಚೆ ನಿಂತು ಮಾತಾಡಣ" ಎಂದಳು ಮಂಗಳಾ.

ಜ್ಞಾನೇಶ ಗದ್ದುಗೆಯ ಮೇಲೆ ಕೂತಲ್ಲೇ ನಕ್ಕ. ಬರಲಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಕರೆದಿದ್ದಳು.

ಹೊನ್ನಕಲ್ಲು ಅರಮನೆಯ ಅಂಗಳದ ಅಂಚಿಗೆ ಅರಿಶಿನ ಬಳಿದ ಸಾಲುಗಲ್ಲುಗಳಿವೆ. ನವರಾತ್ರಿಗೆ ಕಂಕಣ ಕಟ್ಟಿಸಿಕೊಂಡು ಗದ್ದುಗೆ ಏರಿದವನು, ವಿಜಯದಶಮಿಯ ದಿನ ಕಂಕಣ ಬಿಚ್ಚುವ ತನಕ ಆ ಕಲ್ಲುಗಳನ್ನು ದಾಟುವಂತಿಲ್ಲ. ದಾಟಿದರೆ ಗದ್ದುಗೆ ಹೋಯಿತು. ಅವನಿಗಷ್ಟೇ ಅಲ್ಲ, ಅವನ ವಂಶಕ್ಕೇ ಹೋಯಿತು. ಕಂಕಣ ಕಟ್ಟಿಸಿಕೊಳ್ಳಬೇಕೆಂದು ವರ್ಷಗಟ್ಟಲೆ ಹಪಹಪಿಸಿದ ಮನುಷ್ಯ ಈಗ ಬೋನಿನಲ್ಲಿ ಕೂತ ಹಾಗೆ ಕೂತಿದ್ದ.

ಮಂಗಳಾಳ ಹಿಂದೆ ಜೀವಿತಾ ನಿಂತಿದ್ದಳು. ಅವಳ ಕೈಯಲ್ಲಿ ಲಾರಿಯ ಕೀಲಿಕೈ. ಅಮಾವಾಸ್ಯೆಯ ಮಧ್ಯಾಹ್ನ ಅವಳ ಗಂಡ ರವೀಂದ್ರನ ಕೊಬ್ಬರಿ ಲಾರಿ ರಸ್ತೆ ಬದಿಯಲ್ಲಿ ಬಾಗಿಲು ತೆರೆದುಕೊಂಡು ನಿಂತಿತ್ತು. ಕೀಲಿಕೈ ಅದರಲ್ಲೇ ಇತ್ತು, ಮನುಷ್ಯ ಇರಲಿಲ್ಲ. ಇವತ್ತಿಗೆ ಮೂರು ದಿನ, ಆವತ್ತಿನಿಂದ ಆ ಕೀಲಿಕೈಯನ್ನು ಅವಳು ಊಟ ಮಾಡುವಾಗಲೂ ಕೆಳಗೆ ಇಟ್ಟಿಲ್ಲ.

ಠಾಣೆಯವರು ಹಬ್ಬ ಮುಗಿಯಲಿ ನೋಡೋಣ ಎಂದಿದ್ದರು. ಅರಮನೆಯ ದರ್ಬಾರಿಗೆ ದೊಡ್ಡವರು ಬರುವವರಿದ್ದಾರಂತೆ, ಈಗ ಗಲಾಟೆ ಬೇಡವಂತೆ. ಒಬ್ಬ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎನ್ನುವುದು ಅವರಿಗೆ ಗಲಾಟೆ. ಅದಕ್ಕೇ ಜೀವಿತಾ ಮಂಗಳಾಳ ಬಳಿಗೆ ಬಂದಿದ್ದಳು.

ಮಂಗಳಾ ಪೊಲೀಸ್ ಇಲಾಖೆಯಲ್ಲಿ ಇದ್ದವಳು. ಮೇಲಿನವರಿಗೆ ಎದುರು ಮಾತಾಡಿ ಕೆಲಸ ಬಿಟ್ಟು ಬಂದವಳು. ಈಗ ತಿಪಟೂರಿನ ರೈಲ್ವೆ ಸ್ಟೇಷನ್ ಹತ್ತಿರ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿ ಅವಳ ಪತ್ತೇದಾರಿ ಆಫೀಸು. ಗಂಡಿನ ನಡತೆ ಹೇಗೆ, ಹೆಣ್ಣಿನ ಮನೆತನ ಹೇಗೆ ಎಂದು ವಿಚಾರಿಸುವುದೇ ಅಲ್ಲಿನ ಮುಕ್ಕಾಲು ಪಾಲು ಕೆಲಸ. ಮನುಷ್ಯನೇ ಮಾಯವಾದ ಕೇಸು ಇದೇ ಮೊದಲು.

ಜ್ಞಾನೇಶ ಕೈಯಾಡಿಸಿ ಬಾಗಿಲಲ್ಲಿದ್ದ ಇಬ್ಬರನ್ನೂ ಚಾವಡಿಯ ಒಳಗೆ ಕರೆದ. ಅವನ ಎದುರಿಗೆ ಕಂಬಕ್ಕೆ ಒರಗಿ ಅರಸಮ್ಮ ಗಿರಿಜಾಂಬಿಕಾ ಕೂತಿದ್ದರು. ತೀರಿಕೊಂಡ ಅರಸು ತೋಂಟದಾರ್ಯರ ಹೆಂಡತಿ. ಮಡಿಲಲ್ಲಿ ಎಲೆ ಅಡಕೆಯ ತಟ್ಟೆ. ಬಂದವರನ್ನು ಒಮ್ಮೆ ನೋಡಿ ಮತ್ತೆ ಅಡಕೆ ಕತ್ತರಿಸತೊಡಗಿದರು.

ಈ ಜ್ಞಾನೇಶ ಯಾರೆಂದರೆ, ಹಿಂದೆ ಈ ಪಾಳೆಯಗಾರರಿಗೆ ದಳವಾಯಿಗಳಾಗಿದ್ದವರ ಮನೆಯವನು. ಅವನ ಅಪ್ಪನ ಕಾಲಕ್ಕೆ ದಂಡೂ ಇಲ್ಲ, ದಳವಾಯಿತನವೂ ಇಲ್ಲ. ದಸರೆಯಲ್ಲಿ ಅರಮನೆಯ ಜಗುಲಿಯ ಮೇಲೆ ಕೂರುವ ಹಕ್ಕು ಮಾತ್ರ ಉಳಿದಿತ್ತು. ಒಳಗಿನ ಚಾವಡಿಗೆ ಯಾರೂ ಕರೆಯುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ಬರುವ ಅಪ್ಪನನ್ನು ನೋಡಿ ನೋಡಿ ಮಗನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ತುರುವೇಕೆರೆಯಲ್ಲಿ ವಕೀಲನೆಂದು ಬೋರ್ಡು ಹಾಕಿದವನು ಕೋರ್ಟಿಗಿಂತ ಅರಮನೆಗೇ ಹೆಚ್ಚು ಹೋದ. ಸೋರುವ ಸೂರಿಗೆ ಹೆಂಚು ಹೊದಿಸಿದ. ಮುದಿ ಅರಸರ ಕಣ್ಣಿಗೆ ತಾನೇ ಔಷಧಿ ಬಿಟ್ಟ. ನಿಂತುಹೋಗಿದ್ದ ದರ್ಬಾರನ್ನು ಮತ್ತೆ ಶುರು ಮಾಡಿಸಿದ. ಸುತ್ತಲ ಹಳ್ಳಿಗಳ ಗೌಡರ ತಲೆಗೆ ರುಮಾಲು ಸುತ್ತಿಸಿ ಸಾಲಾಗಿ ನಿಲ್ಲಿಸಿದ. ಎಲೆಕ್ಷನ್ ಟಿಕೆಟ್ಟಿಗೆ ಓಡಾಡುವವರು ಬಂದು ಅರಸರ ಪಕ್ಕ ಫೋಟೊ ತೆಗೆಸಿಕೊಂಡರು. ಇಲಿ ಓಡಾಡುತ್ತಿದ್ದ ಚಾವಡಿ ಮತ್ತೆ ಆಸ್ಥಾನವಾಯಿತು, ಆಸ್ಥಾನದಲ್ಲಿ ಜ್ಞಾನೇಶ ಹೇಳಿದ್ದೇ ಮಾತಾಯಿತು.

ಮಕ್ಕಳಿಲ್ಲದ ಅರಸು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಖಾಲಿ ಗದ್ದುಗೆಗೂ ಜ್ಞಾನೇಶನಿಗೂ ನಡುವೆ ಉಳಿದವನು ಒಬ್ಬನೇ. ಅರಸರ ತಮ್ಮನ ಮಗ ರವೀಂದ್ರ. ಅವನಿಗೆ ರುಮಾಲೂ ಬೇಕಿರಲಿಲ್ಲ, ಗದ್ದುಗೆಯೂ ಬೇಕಿರಲಿಲ್ಲ. ಲಾರಿ ಓಡಿಸಿಕೊಂಡು ಹಾಯಾಗಿದ್ದ. ಈ ಸಲ ಮಾತ್ರ ಅದೇನು ಹೊಳೆಯಿತೋ, ದೊಡ್ಡಪ್ಪನ ಜಾಗದಲ್ಲಿ ನಾನೇ ಕೂರ್ತೀನಿ ಎಂದುಬಿಟ್ಟ. ಹಾಗೆಂದ ವಾರದೊಳಗೆ ಕಾಣೆಯಾದ.

"ಮತ್ತೆ ಅದೇ ಪ್ರಶ್ನೆನಾ ಮೇಡಂ?" ಎಂದ ಜ್ಞಾನೇಶ. "ಅವನು ಎಲ್ಲೋ ಲೋಡ್ ಇಳಿಸೋಕೆ ಹೋಗಿರ್ತಾನೆ. ಡ್ರೈವರುಗಳ ಸಮಾಚಾರ ನಿಮಗೆ ಗೊತ್ತಿಲ್ವಾ?"

ಜೀವಿತಾ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. "ಲಾರಿ ಬುಟ್ಟು ಲೋಡ್ ಇಳ್ಸಕೆ ತಲೆ ಮೇಲೆ ಹೊತ್ಕೊಂಡು ಹೋದ್ರಾ?" ಎಂದಳು.

ಅರಸಮ್ಮನ ಕತ್ತರಿ ಒಂದು ಗಳಿಗೆ ನಿಂತು ಮತ್ತೆ ಕಟ್ ಕಟ್ ಎಂದಿತು.

ಮಂಗಳಾ ಕೇಳಿದ್ದು ರವೀಂದ್ರನ ವಿಷಯವಲ್ಲ. ತನ್ನ ಚೀಲದಿಂದ ಒಂದು ತೆಂಗಿನಕಾಯಿ ತೆಗೆದಳು. ಸುಲಿದ ಕಾಯಿ, ಒಡೆದಿರಲಿಲ್ಲ. ಬರುವಾಗ ಅರಮನೆಯ ಅಡುಗೆಯ ರಾಮಕ್ಕನ ಹತ್ತಿರ ಕೇಳಿ ತಂದಿದ್ದಳು. ಅದನ್ನು ಜ್ಞಾನೇಶನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಗಡಕ್. ಗಡಕ್.

"ಇದರಾಗೆ ಎಷ್ಟು ನೀರೈತೆ?" ಎಂದು ಕೇಳಿದಳು.

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಸದ್ದು ಏನೆಂದು ಹೇಳಿಕೊಡಬೇಕಾಗಿಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಟ್ಟರೆ, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಆಡುತ್ತದೆ. ಹನಿ ನೀರು ಉಳಿದಿದ್ದರೂ ಆ ಸದ್ದು ಬರುವುದಿಲ್ಲ.

ಮಂಗಳಾ ಎದುರಿಗೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ರಾಮಕ್ಕ ಒಲೆಯ ಮುಂದೆ ಗೊಣಗುತ್ತಿದ್ದ ಒಂದು ಮಾತನ್ನು ನಿಧಾನವಾಗಿ ಬಿಡಿಸಿಟ್ಟಳು. ಜ್ಞಾನೇಶ ಗದ್ದುಗೆ ಏರಿದ ಮೇಲೆ ಮಾಡಿದ ಮೊದಲ ಅಪ್ಪಣೆ ಏನು? ಅರಮನೆಯ ಯಾವ ತೋಟದ ಅಟ್ಟಕ್ಕೂ ಹಬ್ಬ ಮುಗಿಯುವ ತನಕ ಹೊಗೆ ಹಾಕಬಾರದು. ಕಂಕಣದ ಮನೆಗೆ ಹೊಗೆ ಮೈಲಿಗೆಯಂತೆ.

"ನಮ್ಮಪ್ಪನದೂ ಸಂಪಿಗೆ ಊರಿನ ಹತ್ರ ತೋಟ. ನಾನು ಆಡಿ ಬೆಳೆದಿದ್ದೇ ಅಟ್ಟದ ಕೆಳಗೆ" ಎಂದಳು ಮಂಗಳಾ. "ದಿನಾ ಮಳೆ ಹೊಯ್ತಾ ಇದೆ. ಇಂಥ ಥಂಡೀಲಿ ಸಿಪ್ಪೆ ಸುಟ್ಟು ಹೊಗೆ ಹಾಕ್ದೆ ಇದ್ರೆ ವರ್ಷದ ಕೊಬ್ಬರಿ ಬೂಷ್ಟು ಹಿಡೀತದೆ. ಕೊಬ್ಬರಿ ಮಾಡೋ ಮನೆಯವನು ಹೆಂಡ್ತಿಗೆ ಅನ್ನ ಇಕ್ಕಬೇಡ ಅಂದಾನು, ಅಟ್ಟಕ್ಕೆ ಹೊಗೆ ಹಾಕಬೇಡ ಅನ್ನಲ್ಲ. ಅನ್ನಬೇಕಾದ್ರೆ ಮೇಲೆ ಕಾಯಿ ಜೊತೆಗೆ ಇನ್ನೇನೋ ಇರಬೇಕು. ಉಸಿರಾಡೋ ಅಂಥದ್ದು."

ಜೀವಿತಾ ಗದ್ದುಗೆಯ ಕಡೆಗೆ ಎರಡು ಹೆಜ್ಜೆ ಇಟ್ಟಳು.

ಜ್ಞಾನೇಶನ ಮುಖದ ನಗು ಇನ್ನೂ ಇತ್ತು, ಆದರೆ ಅದು ಅವನದಲ್ಲ ಎನ್ನುವ ಹಾಗಿತ್ತು. ಎಡಗೈ ಬಲಗೈಯ ಕಂಕಣವನ್ನು ತಿರುಗಿಸತೊಡಗಿತು. ಅರಿಶಿನದ ದಾರ, ಅದಕ್ಕೆ ಕಟ್ಟಿದ ಅರಿಶಿನದ ಕೊಂಬು. ಉಜ್ಜಿ ಉಜ್ಜಿ ಮಣಿಕಟ್ಟು ಕೆಂಪಾಗಿತ್ತು.

ಇದೆಲ್ಲ ಊಹೆ ಎಂದ. ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದ. ತಾನು ಅರಸುತನದ ಪೀಠದಲ್ಲಿ ಕೂತಿದ್ದೇನೆ, ಮಾತು ಬಿಗಿಯಾಗಿರಲಿ ಎಂದ. ಮಂಗಳಾ ಎಲ್ಲವನ್ನೂ ಕೇಳಿಸಿಕೊಂಡು ಕಾಯಿಯನ್ನು ಮತ್ತೆ ಅಲ್ಲಾಡಿಸಿದಳು.

ಗಡಕ್.

"ಅರಮನೆಗೆ ಹೊನ್ನಕಲ್ಲಿನಿಂದ ತುರುವೇಕೆರೆ ತನಕ ಹಂಚಿಹೋದ ತೋಟಗಳಿವೆ. ತೋಟಕ್ಕೊಂದು ಅಟ್ಟ. ಕೀಲಿ ಎಲ್ಲ ನಿಮ್ಮ ಸೊಂಟದಲ್ಲಿ. ಒಂದೊಂದೇ ಬಾಗಿಲು ಒಡ್ಕೊಂಡು ಹೋಗೋ ಹೊತ್ತಿಗೆ ರವೀಂದ್ರ ಬದುಕಿರಲ್ಲ" ಎಂದಳು. "ಯೋಚನೆ ಮಾಡಿ. ಕೈಕಾಲು ಕಟ್ಟಿ ಹಾಕಿದ್ದೀರಿ. ಸುತ್ತ ರಾಶಿ ರಾಶಿ ಕಾಯಿ. ಅಲ್ಲಾಡಿದ್ರೆ ಗಡಕ್ ಅಂತವೆ. ಒಂದರಲ್ಲೂ ಬಾಯಿಗೆ ಹನಿ ನೀರಿಲ್ಲ."

ಹೊರಗೆ ಮೋಟಾರ್ ಸೈಕಲ್‌ಗಳು ನಿಲ್ಲುವ ಸದ್ದಾಯಿತು. ಸಂಜೆಯ ದರ್ಬಾರಿಗೆ ಹಳ್ಳಿಗಳ ಗೌಡರು ಒಬ್ಬೊಬ್ಬರಾಗಿ ಬರುತ್ತಿದ್ದರು. ಅಂಗಳದಲ್ಲಿ ನಿಂತು ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

ಜ್ಞಾನೇಶ ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಒಂದು ರಾತ್ರಿ ಮಾತ್ರ ಅಂದ್ಕೊಂಡಿದ್ದೆ ಕಣ್ರೀ."

ಅಮಾವಾಸ್ಯೆ ಕಳೆದ ಬೆಳಿಗ್ಗೆ ಕಂಕಣ ಕಟ್ಟುವುದು ವಾಡಿಕೆ. ಒಮ್ಮೆ ಒಬ್ಬನ ಕೈಗೆ ಕಟ್ಟಿದರೆ ಇನ್ನೊಬ್ಬ ಕೇಳುವಂತಿಲ್ಲ. ರವೀಂದ್ರನನ್ನು ಆ ಒಂದು ರಾತ್ರಿ ಬಚ್ಚಿಟ್ಟರೆ ಸಾಕು ಎಂದು ಜ್ಞಾನೇಶ ಲೆಕ್ಕ ಹಾಕಿದ್ದ. ಮಾತಾಡಬೇಕೆಂದು ತೋಟಕ್ಕೆ ಕರೆಸಿದ. ಅಟ್ಟದ ಕಾಯಿಗೆ ಹುಳ ಬಿದ್ದಿದೆ ನೋಡು ಎಂದು ಮೇಲೆ ಹತ್ತಿಸಿದ. ಹಿಂದಿನಿಂದ ಹೊಡೆದು ಕಟ್ಟಿಹಾಕಿದ. ದೀಪ ಹಚ್ಚಿದ ಮೇಲೆ ಅನ್ನ ನೀರು ಒಯ್ಯುವುದು, ಬೆಳಿಗ್ಗೆ ಕಂಕಣ ಕಟ್ಟಿಸಿಕೊಳ್ಳುವ ಹೊತ್ತಿಗೆ ಬಿಡುವ ಏರ್ಪಾಡು ಮಾಡುವುದು ಎಂದುಕೊಂಡಿದ್ದ. ಆಮೇಲೆ ಅವನು ಎಷ್ಟು ಕೂಗಾಡಿದರೂ ಗದ್ದುಗೆ ಗದ್ದುಗೆಯೇ.

ಆದರೆ ಅರಮನೆಗೆ ವಾಪಸು ಬಂದರೆ ಮುಹೂರ್ತವೇ ಬದಲಾಗಿತ್ತು. ಚಾವಡಿಯಲ್ಲಿ ದೀಪ ಉರಿಯುತ್ತಿತ್ತು, ಗೌಡರು ಸೇರಿದ್ದರು, ತಟ್ಟೆಯಲ್ಲಿ ಕಂಕಣ ಇತ್ತು. ಈಗಲೇ ಕಟ್ಟಬೇಕು, ಕೂರುತ್ತೀಯೋ ಇಲ್ಲವೋ ಎಂದರು. ಇಷ್ಟು ವರ್ಷ ಕಾದದ್ದು ಕಣ್ಣ ಮುಂದೆ ಇದ್ದಾಗ ಒಲ್ಲೆ ಎನ್ನುವ ಗಂಡಸು ಅವನಲ್ಲ. ಕೈ ನೀಡಿದ. ಗಂಟು ಬಿತ್ತು.

"ಯಾರಿಗಾದ್ರೂ ಹೇಳಿ ಕಳಿಸಬಹುದಾಗಿತ್ತು" ಎಂದಳು ಮಂಗಳಾ.

ಯಾರನ್ನು ನಂಬಲಿ ಎಂದ. ಕೇಳಿಸಿಕೊಂಡವನೇ ಹೋಗಿ ಗೌಡರಿಗೆ ಹೇಳುತ್ತಿದ್ದ. ರಾತ್ರಿಯೆಲ್ಲ ಎದ್ದು ಕೂರುತ್ತೇನೆ, ಸಾಲುಗಲ್ಲಿನ ತನಕ ಹೋಗಿ ನಿಲ್ಲುತ್ತೇನೆ, ಕಾವಲಿನವರು ಎದ್ದು ಕೈಮುಗಿಯುತ್ತಾರೆ, ವಾಪಸು ಬರುತ್ತೇನೆ ಎಂದ. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಹೋಗುತ್ತಿದೆ ಎಂದು ರಾಮಕ್ಕ ಮಂಗಳಾಳಿಗೆ ಹೇಳಿದ್ದು ಸುಳ್ಳಲ್ಲ. ಒಬ್ಬನನ್ನು ಕೂಡಿಹಾಕಲು ಹೋಗಿ ತಾನೂ ಬಿದ್ದಿದ್ದ. ಹಾಗೆಂದು ಅಯ್ಯೋ ಪಾಪ ಎನ್ನಬೇಕಾಗಿಲ್ಲ. ಒಂದು ಮಾತು ಬಾಯಿ ಬಿಟ್ಟಿದ್ದರೆ ಅಲ್ಲೊಬ್ಬನ ಬಾಯಿಗೆ ನೀರು ಬೀಳುತ್ತಿತ್ತು. ರುಮಾಲು ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡ.

ಈಗಲೂ ಅವನು ಚೌಕಾಸಿಗೇ ಬಂದ. ತೋಟದ ಹೆಸರನ್ನು ಕಿವಿಯಲ್ಲಿ ಹೇಳುತ್ತೇನೆ, ಕೀಲಿ ಕೊಡುತ್ತೇನೆ, ಹೋಗಿ ಕರೆದುಕೊಂಡು ಬನ್ನಿ, ವಿಷಯ ನಮ್ಮಲ್ಲೇ ಇರಲಿ ಎಂದ.

ಮಂಗಳಾಳಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೂ ಮುಂದಕ್ಕೆ ಬಗ್ಗಿದಳು. ಬೇಕಾದದ್ದು ಹೆಸರು, ಸಿಟ್ಟಲ್ಲ.

ಆಗ ಅರಸಮ್ಮ ಕತ್ತರಿಯನ್ನು ತಟ್ಟೆಗೆ ಹಾಕಿದರು.

"ಕಿವೀಲಿ ಯಾಕಪ್ಪ? ಜೋರಾಗಿ ಹೇಳು" ಎಂದರು.

ಬಾಗಿಲಲ್ಲಿ ಗೌಡರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಂದೆ ನಿಂತ ಶಂಭುಲಿಂಗಯ್ಯ, ಮೊದಲ ದರ್ಬಾರಿನಲ್ಲಿ ಜ್ಞಾನೇಶನ ಕೈಯಲ್ಲೇ ರುಮಾಲು ಸುತ್ತಿಸಿಕೊಂಡವರು, ಒಳಗೆ ಬರಲು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು.

ಜ್ಞಾನೇಶ ಅರಸಮ್ಮನನ್ನು ನೋಡಿದ, ಗೌಡರನ್ನು ನೋಡಿದ, ಜೀವಿತಾಳ ಕೈಯ ಕೀಲಿಕೈಯನ್ನು ನೋಡಿದ. ಚಾವಡಿಗೆ ಬಾಗಿಲು ಒಂದೇ.

"ಕಲ್ಲುಬಾವಿ ತೋಟ" ಎಂದ. ಎಲ್ಲರಿಗೂ ಕೇಳಿಸಿತು.

ಸೊಂಟದ ಕೀಲಿಗೆ ಕೈ ಹಾಕಿದ. ಮಂಗಳಾ ಕಿತ್ತುಕೊಂಡಳು. ಇನ್ನೊಂದು ಕೀಲಿ ಇದೆಯೇ ಎಂದು ಕೇಳಿದಳು. ದೊಡ್ಡ ಅರಸರ ಹತ್ತಿರ ಇತ್ತು, ಅವರು ಹೋದ ಮೇಲೆ ಸಿಗಲಿಲ್ಲ ಎಂದ.

ಅರಸಮ್ಮ ಎದ್ದು ಗದ್ದುಗೆಯ ಹತ್ತಿರ ಹೋದರು. ಜ್ಞಾನೇಶನ ಬಲಗೈ ಹಿಡಿದು, ಅಡಕೆ ಕತ್ತರಿಯ ಬಾಯಿಗೆ ದಾರ ಕೊಟ್ಟು ಅದುಮಿದರು. ಅರಿಶಿನದ ಕೊಂಬು ನೆಲಕ್ಕೆ ಬಿದ್ದು ಉರುಳಿತು. ಅವನ ತಲೆಯ ರುಮಾಲನ್ನು ಅವರು ಮುಟ್ಟಲಿಲ್ಲ. ಅವನೇ ತೆಗೆದು ಪಕ್ಕಕ್ಕೆ ಇಟ್ಟ. ಅಡ್ಡಾದಿಡ್ಡಿ ಒದ್ದೆ ಕೂದಲು, ಬೋಳಾದ ನೆತ್ತಿ. ಇಷ್ಟೇನಾ ಎನಿಸುವಂತಿದ್ದ.

"ಜಗಲಿ ಮೇಲೆ ಹೋಗಿ ಕೂತ್ಕೊ. ನಿಮ್ಮಪ್ಪ ಕೂತ್ಕೊತಿದ್ದ ಜಾಗ ಹಂಗೇ ಐತೆ" ಎಂದರು ಅರಸಮ್ಮ.

ಗೌಡರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ.

ಜೀವಿತಾ ತಾನೂ ಬರುತ್ತೇನೆ ಎಂದು ಹೊರಟಳು. ಅರಸಮ್ಮ ಅವಳ ಭುಜ ಹಿಡಿದರು. ಅಲ್ಲಿ ಏನು ಕಣ್ಣಿಗೆ ಬೀಳುತ್ತದೋ, ನೀನು ನೋಡುವುದು ಬೇಡ, ನನ್ನ ಹತ್ತಿರ ಇರು ಎಂದರು. ಮಂಗಳಾಳಿಗೂ ಅದೇ ಸರಿ ಎನಿಸಿತು. ಸ್ಕೂಟರ್ ಹತ್ತುವಾಗ ಅಂಗಳದ ಕೆಂದೆಂಗಿನ ಮರದ ಮೇಲೆ ಅವಳ ಕಣ್ಣು ಬಿತ್ತು. ಸುತ್ತ ಎಲ್ಲೂ ಇಲ್ಲದ ಕೆಂಪು ಕಾಯಿಯ ಮರ. ಅದರ ಎಳನೀರು ಅರಮನೆಯ ದೇವಿಯ ಅಭಿಷೇಕಕ್ಕೆ ಮಾತ್ರ, ಅರಸಮ್ಮನನ್ನು ಬಿಟ್ಟು ಇನ್ನೊಬ್ಬರು ಕೆಡವಿಸುವಂತಿಲ್ಲ. ಮರದಲ್ಲಿ ಗೊನೆಗಳು ಬರಿದಾಗಿದ್ದವು. ಬರುವಾಗ ದೇವಿಯ ಮುಂದೆ ಕಂಡದ್ದು ಹಸಿರು ಎಳನೀರು ಎನ್ನುವುದೂ ನೆನಪಾಯಿತು. ಯೋಚಿಸುತ್ತ ನಿಲ್ಲುವ ಹೊತ್ತು ಅದಲ್ಲ. ಗಾಡಿ ಓಡಿಸಿದಳು.

ಕಲ್ಲುಬಾವಿ ತೋಟದಲ್ಲಿ ಕಾವಲಿನ ಚಿಕ್ಕಣ್ಣ ಬಾವಿಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಅವನಿಗೆ ಕಿವಿ ಮಂದ. ಮಂಗಳಾ ಅವನನ್ನು ಮಾತಾಡಿಸದೆ ನೇರವಾಗಿ ಕೊಬ್ಬರಿ ಮನೆಗೆ ಓಡಿ ಬೀಗ ತೆಗೆದಳು. ಏಣಿ ಗೋಡೆಯ ಬುಡದಲ್ಲಿ ಮಲಗಿತ್ತು. ಎತ್ತಿ ಅಟ್ಟಕ್ಕೆ ಇಟ್ಟು ಹತ್ತಿದಳು.

"ರವೀಂದ್ರ" ಎಂದಳು.

ಕಾಯಿಯ ರಾಶಿ ಆ ದನಿಯನ್ನು ಅಲ್ಲೇ ನುಂಗಿತು. ಹೊರಗೆ ನಿಂತವನಿಗೆ ಕಿವಿ ಚೆನ್ನಾಗಿದ್ದರೂ ಕೇಳುತ್ತಿರಲಿಲ್ಲ.

ಮೂಲೆಯಲ್ಲಿ ಕಾಯಿಗಳನ್ನು ಸರಿಸಿ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಮಾಡಿದ್ದರು. ಅಲ್ಲಿ ತೆಂಗಿನ ಹಗ್ಗ ಬಿದ್ದಿತ್ತು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿದ್ದಿತ್ತು. ಮನುಷ್ಯ ಇರಲಿಲ್ಲ.

ಮಂಗಳಾ ಹಗ್ಗ ಎತ್ತಿ ನೋಡಿದಳು. ಕಚ್ಚಿ ಬಿಡಿಸಿಕೊಂಡದ್ದಲ್ಲ, ಕುಡುಗೋಲಿನಿಂದ ಕೊಯ್ದದ್ದು. ಬೀಗ ಒಡೆದಿರಲಿಲ್ಲ. ಅಂದರೆ ಕೀಲಿ ಇದ್ದವರು ಬಂದಿದ್ದಾರೆ. ಹಗ್ಗದ ಪಕ್ಕದಲ್ಲೇ, ಒಣಗಿದ ಕಂದು ಕಾಯಿಗಳ ನಡುವೆ, ಬಣ್ಣ ಬೇರೆ ಏನೋ ಕಂಡಿತು. ಕೈ ಹಾಕಿ ತೆಗೆದಳು.

ಎಳನೀರಿನ ಬುರುಡೆ. ತಲೆ ಕೊಚ್ಚಿದ್ದು. ಒಂದಲ್ಲ, ಅದರಡಿಯಲ್ಲಿ ಇನ್ನೂ ಇದ್ದವು. ಎಲ್ಲವೂ ಕೆಂಪು.

ಕೆಳಗಿಳಿದು ಬಂದು ಚಿಕ್ಕಣ್ಣನ ಕಿವಿಗೆ ಬಾಯಿ ಇಟ್ಟು ಕೇಳಿದಳು. ಇಲ್ಲಿಗೆ ಯಾರು ಬರುತ್ತಿದ್ದರು?

"ಇನ್ಯಾರು ಬತ್ತಾರೆ ಕಣವ್ವ, ಅರಸಮ್ಮೋರು" ಎಂದ ಚಿಕ್ಕಣ್ಣ. "ಹಬ್ಬ ಕೂತಾಗಿಂದ ದಿನಾ ಬೆಳಗ್ಗೆ ಕಾರ್ನಾಗೆ ಬತ್ತಾವ್ರೆ. ಕೊಬ್ರಿ ಮನೆ ಹಿಂದ್ಲ ಹುತ್ತಕ್ಕೆ ಪೂಜೆ ಅಂತೆ. ಮಡಿ ಕಣ್ಲಾ, ಈ ಕಡೆ ತಿರುಗಬ್ಯಾಡ ಅಂತ ನನ್ನ ಬಾವಿತಾವ ಕೂರುಸ್ತಾರೆ. ಇವತ್ತೂ ಬಂದಿದ್ರು. ಇವತ್ತು ಕಾರ್ನಾಗೆ ಹಿಂದ್ಗಡೆ ಇನ್ಯಾರೋ ಮುಸುಕು ಹೊದ್ಕೊಂಡು ಮಲಗಿದ್ದಂಗಿತ್ತು."

ಮಂಗಳಾ ಬುರುಡೆಯನ್ನು ಹಿಡಿದುಕೊಂಡೇ ನಿಂತಳು. ಹೊತ್ತು ಇಳಿಯುತ್ತಿತ್ತು.

ಕಂಕಣದ ಮುಹೂರ್ತ ಬದಲಾಯಿಸಿದ್ದು ಯಾರು ಎಂದು ಅವಳು ಜ್ಞಾನೇಶನನ್ನು ಕೇಳಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಅರಮನೆಯಲ್ಲಿ ಮುಹೂರ್ತ ಇಟ್ಟು ಕಂಕಣ ಕಟ್ಟುವ ಕೈ ಒಂದೇ, ಇವತ್ತು ಅದನ್ನು ಕತ್ತರಿಸಿದ ಕೈಯೂ ಅದೇ. ರವೀಂದ್ರ ಅಟ್ಟದ ಮೇಲಿದ್ದಾನೆಂದು ಆ ಹೆಂಗಸಿಗೆ ಮೊದಲ ದಿನದಿಂದ ಗೊತ್ತಿತ್ತು. ನೀರು ಕೊಟ್ಟಳು, ಬಿಡಿಸಲಿಲ್ಲ. ಗದ್ದುಗೆಯ ಮೇಲೆ ಯಾರೇ ಕೂತರೂ ದಾರ ತನ್ನ ಕೈಯಲ್ಲೇ ಇರಬೇಕಿತ್ತು ಅವಳಿಗೆ. ಇವತ್ತು ಚಾವಡಿಯಲ್ಲಿ ಜೋರಾಗಿ ಹೇಳು ಎಂದಾಗ ಅಟ್ಟ ಖಾಲಿ ಇದೆ ಎನ್ನುವುದೂ ಗೊತ್ತಿತ್ತು.

ಮತ್ತೆ, ಅದೇ ಹೆಂಗಸಿನ ಪಕ್ಕದಲ್ಲಿ ಜೀವಿತಾಳನ್ನು ಬಿಟ್ಟು ಬಂದವಳು ತಾನೇ.

ಫೋನ್ ತೆಗೆದು ಜೀವಿತಾಳಿಗೆ ಹಚ್ಚಿದಳು. ಸುಮಾರು ಹೊತ್ತು ರಿಂಗಾಯಿತು. ಆಮೇಲೆ ಎತ್ತಿದಳು. ಹಿಂದೆ ಓಲಗದ ಸದ್ದು.

"ಅಕ್ಕ, ಸಿಕ್ಕುದ್ರಾ?"

ಏನೂ ಕೇಳಬೇಡ, ಈಗಲೇ ಎದ್ದು ಸಾಲುಗಲ್ಲು ದಾಟಿ ರಸ್ತೆಗೆ ಬಾ, ಯಾರು ಕರೆದರೂ ನಿಲ್ಲಬೇಡ ಎಂದಳು ಮಂಗಳಾ.

"ಆಗಲ್ಲ ಅಕ್ಕ" ಎಂದಳು ಜೀವಿತಾ. ದನಿ ಸಣ್ಣಗಿತ್ತು. "ಗದ್ದುಗೆ ಖಾಲಿ ಬುಡಬಾರ್ದಂತೆ. ಗಂಡ ಬರೋಗಂಟ ಹೆಂಡ್ತಿ ಕೂರ್ಬೇಕಂತೆ. ಗೌಡ್ರೆಲ್ಲ ಹೂಂ ಅಂದ್ರು. ಈಗಷ್ಟೆ ನನ್ನ ಕೈಗೆ ಕಂಕಣ ಕಟ್ಟುದ್ರು."

ಫೋನ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು. ಆಮೇಲೆ ಬಂದದ್ದು ಅರಸಮ್ಮನ ದನಿ. ಬಾಯಿ ತುಂಬ ಎಲೆ ಅಡಕೆ. ಆತುರವೇ ಇಲ್ಲದ ದನಿ.

"ದಶಮಿಗೆ ಬಾರಮ್ಮ ಮಂಗಳಾ. ಅಲ್ಲಿಗಂಟ ಇವಳು ಕಲ್ಲು ದಾಟಿದ್ರೆ ಇವಳ ಗಂಡ ಬರಾದಿಲ್ಲ."